ರೊಟ್ಟಿ ಆತೇನವ್ವಾ?

ಹಿರೇಮುಗಳಿಯ ಮಾತೋಶ್ರೀ ಗುರಲಿಂಗವ್ವ ತಾಯಿಯವರಿಗೆ ಮಠವೆಂಬುದು ಇರಲಿಲ್ಲ. ಊರಿನಲ್ಲಿ ಕುಂಬಾರರ ಆವಿಗೆಯ ಪಕ್ಕದ ಒಂದು ಕೋಣೆಯಲ್ಲಿ ಇರುತ್ತಿದ್ದರು. ಊರಿಗೆ ಪ್ಲೇಗು ಬಂದ ವರ್ಷ ಅದೂ ತಪ್ಪಿತು. ಜಂತಿಯಿಂದ ಇಲಿಗಳು ಪಟಪಟನೆ ಬಿದ್ದು ಸಾಯತೊಡಗಿದವು. ಜನ ಮನೆಗಳಿಗೆ ಬೀಗ ಹಾಕಿ, ದನಕರು ಮಕ್ಕಳುಮರಿ ಕಟ್ಟಿಕೊಂಡು ಊರಾಚೆಯ ಎರೆಹೊಲದಲ್ಲಿ ಗುಡಿಸಲು ಹಾಕಿದರು. ತಾಯಿಯವರಿಗೂ ಒಂದು ಗುಡಿಸಲಾಯಿತು. ಎಲ್ಲರದರಂತೆ ಅದೂ ಜೋಳದ ಕಣಿಕೆಯದೇ. ಒಳಗೆ ಒಂದು ಕೌದಿ, ಒಂದು ತಂಬಿಗೆ, ಗೂಟಕ್ಕೆ ತೂಗುಹಾಕಿದ ಕಾವಿಯ ಜೋಳಿಗೆ. ಶಿಷ್ಯರೆಂದು ಯಾರನ್ನೂ ಅವರು ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದರೆ ಆ ಗುಡಿಸಲಲ್ಲಿ ಕಾಲು ಚಾಚುವುದಕ್ಕೂ ಜಾಗ ಸಾಲುತ್ತಿರಲಿಲ್ಲ.

ಬೆಳಿಗ್ಗೆ ಹೊತ್ತು ಏರಿ, ಗುಡಿಸಲುಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗಿದರೆ ತಾಯಿಯವರು ಜೋಳಿಗೆಯನ್ನು ಹೆಗಲಿಗೇರಿಸಿ ಹೊರಡುತ್ತಿದ್ದರು. ಗಂಟೆಯಿಲ್ಲ, ಶಂಖವಿಲ್ಲ, ಹಾಡಿಲ್ಲ. ಪ್ರತಿ ಬಾಗಿಲಲ್ಲೂ ಒಂದೇ ಮಾತು.

"ರೊಟ್ಟಿ ಆತೇನವ್ವಾ?"

ಒಳಗಿನಿಂದ ಹೆಣ್ಣುಮಗಳೊಬ್ಬಳು ಬಂದು ರೊಟ್ಟಿಯ ಒಂದು ತುಣುಕನ್ನು ಜೋಳಿಗೆಗೆ ಹಾಕುತ್ತಿದ್ದಳು. ಕೆಲವರು ತಾಯಿಯವರಿಗೆಂದೇ ಮೊದಲ ರೊಟ್ಟಿಯನ್ನು ತೆಗೆದಿಡುತ್ತಿದ್ದರು. ಕಾಳು ಕೊಟ್ಟರೆ ತಾಯಿಯವರು ಒಲ್ಲರು, ಹಿಟ್ಟು ಕೊಟ್ಟರೆ ಒಲ್ಲರು. ಆ ದಿನ ಬಡಿದ ರೊಟ್ಟಿಯೇ ಆಗಬೇಕು. ನಿನ್ನೆಯ ಕಟಕು ರೊಟ್ಟಿ ತಂದರೆ "ಇವತ್ತ ಯಾಕ ಒಲಿ ಹಚ್ಚಿಲ್ಲ ಮಗಳ?" ಎಂದು ಅಲ್ಲೇ ಕೂತುಬಿಡುತ್ತಿದ್ದರು.

ಇದನ್ನು ದಿನಾ ನೋಡಿ ನೋಡಿ ಮೈ ಉರಿದುಕೊಳ್ಳುತ್ತಿದ್ದವರು ಸ್ವಾಮಿರಾಯರು. ರಾಯರು ತಾಲೂಕಿನಿಂದ ಬಂದ ಕಂಪೌಂಡರು. ಈ ಗುಡಿಸಲುಗಳ ಆರೋಗ್ಯ ನೋಡಿಕೊಳ್ಳುವ ಹೊಣೆ ಅವರದು. ವಯಸ್ಸು ಮೂವತ್ತೈದು ದಾಟಿರಲಿಲ್ಲ, ಮುಖ ಮಾತ್ರ ಐವತ್ತರದು. ಡೇರೆಯ ಮುಂದೆ ಕಾರ್ಬಾಲಿಕ್ ನೀರಿನ ಬಕೆಟ್ಟು ಇಟ್ಟುಕೊಂಡು, ಬಂದವರ ಕೈಯನ್ನೆಲ್ಲ ಅದರಲ್ಲಿ ಅದ್ದಿಸುತ್ತಿದ್ದರು. ಸ್ವತಃ ಎಷ್ಟು ಸಲ ಅದ್ದುತ್ತಿದ್ದರೆಂದರೆ ಅವರ ಅಂಗೈ ಚರ್ಮ ಸುಲಿದುಹೋಗಿತ್ತು. ಊರ ಜನ ಹಿಂದಿನಿಂದ ನಗುತ್ತಿದ್ದರು. ಆದರೆ ರಾಯರು ಲಂಚ ಮುಟ್ಟಿದವರಲ್ಲ, ಸುಳ್ಳು ಬರೆದವರಲ್ಲ, ಹೆದರಿ ತಾಲೂಕಿಗೆ ಓಡಿದವರೂ ಅಲ್ಲ. ಅಷ್ಟನ್ನು ಹೇಳದೆ ಮುಂದಕ್ಕೆ ಹೋದರೆ ಅವರಿಗೆ ಅನ್ಯಾಯವಾಗುತ್ತದೆ.

ಅವರ ಹೆಂಡತಿ ಸುಂದರಾಬಾಯಿ ಎರಡು ವರ್ಷದ ಹಿಂದೆ ಧಾರವಾಡದಲ್ಲಿ ಇದೇ ಬೇನೆಯಿಂದ ತೀರಿಕೊಂಡಿದ್ದರು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸದ ಹೆಣ್ಣುಮಗಳು. ಇಲಿ ಬಿದ್ದ ಸಮಯದಲ್ಲೂ, ಕೆಮ್ಮುತ್ತ ಬಂದ ಒಬ್ಬ ಗೋಸಾವಿ ಬೈರಾಗಿಯ ಜೋಳಿಗೆಗೆ ಹೊಸ್ತಿಲಲ್ಲಿ ನಿಂತು ಅಕ್ಕಿ ನೀಡಿದ್ದರು. ಎರಡು ದಿನಕ್ಕೆ ಜ್ವರ, ನಾಲ್ಕು ದಿನಕ್ಕೆ ಎಲ್ಲ ಮುಗಿಯಿತು. ಆ ಜೋಳಿಗೆಯೇ ಮೃತ್ಯುವನ್ನು ಮನೆಗೆ ತಂದಿತೆಂದು ರಾಯರ ಮನಸ್ಸಿನಲ್ಲಿ ಕಲ್ಲಿನ ಮೇಲೆ ಬರೆದ ಹಾಗೆ ಕೂತಿತ್ತು. ಈಗ ಇಲ್ಲೊಂದು ಜೋಳಿಗೆ ಮನೆಯಿಂದ ಮನೆಗೆ ತಿರುಗುತ್ತಿದೆ. ಒಂದು ಬಾಗಿಲಲ್ಲಿ ತೆಗೆದುಕೊಂಡ ರೊಟ್ಟಿ ಇಲ್ಲದವರ ಇನ್ನೊಂದು ಬಾಗಿಲಲ್ಲಿ ಇಳಿಯುತ್ತಿದೆ.

ಒಂದು ದಿನ ಅವರು ತಾಯಿಯವರ ಹಿಂದೆಯೇ ನಡೆದರು. ಗೌಡರ ಸೊಸೆ ಮೊರದ ತುಂಬ ಜೋಳ ತಂದಳು. ತಾಯಿಯವರು ಕೈ ಅಡ್ಡ ಹಿಡಿದು "ರೊಟ್ಟಿ ಇದ್ರ ತುಣುಕು ಹಾಕವ್ವ" ಎಂದರು. ಮುಂದಿನ ಗುಡಿಸಲಲ್ಲಿ ಬಡಗಿಯ ಹೆಂಡತಿ ಕೊಟ್ಟ ರೊಟ್ಟಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ, "ರಟ್ಟಿ ನೋಯ್ತಾವೇನ ನಿನಗ?" ಎಂದು ಕೇಳಿದರು. ಭಿಕ್ಷೆಗೆ ಬಂದವರು ರೊಟ್ಟಿಯ ಅಂಚಿನಲ್ಲಿ ಹೆಚ್ಚುಕಡಿಮೆ ಹುಡುಕುವುದನ್ನು ರಾಯರು ಹಿಂದೆಂದೂ ಕಂಡಿರಲಿಲ್ಲ. ಜನ ಸಾಯುತ್ತಿರುವಾಗ ಈ ಹೆಂಗಸಿಗೆ ಬಿಸಿರೊಟ್ಟಿಯ ಚಪಲವೇ ಎಂದು ಹಲ್ಲು ಕಚ್ಚಿದರು.

ಕೊನೆಯ ಗುಡಿಸಲು ಜಾಲಿಗಿಡಗಳ ಮರೆಯಲ್ಲಿ, ಹಳ್ಳದ ದಂಡೆಗಿತ್ತು. ಅಲ್ಲಿದ್ದವರು ಫಕೀರವ್ವ ಮತ್ತು ಅವಳ ಅತ್ತೆ ದುರ್ಗವ್ವ. ಫಕೀರವ್ವನ ಗಂಡ ಬೇನೆಯ ಮೊದಲ ವಾರದಲ್ಲೇ ಸತ್ತಿದ್ದ. ಸಾವು ಹೊಕ್ಕ ಮನೆಯವರೆಂದು ಜನರೇ ಅವರನ್ನು ಅಷ್ಟು ದೂರಕ್ಕೆ ಸರಿಸಿದ್ದರು. ದುರ್ಗವ್ವನಿಗೆ ಲಕ್ವಾ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಎಡಗೈಯೊಂದು ಅಷ್ಟಿಷ್ಟು ಆಡುತ್ತಿತ್ತು. ಸೊಸೆ ತಿನ್ನಿಸಿದರೆ ಊಟ, ಕುಡಿಸಿದರೆ ನೀರು. ಫಕೀರವ್ವ ತಾಯಿಯವರ ದನಿ ಕೇಳಿದೊಡನೆ ನಗುತ್ತ ಹೊರಬಂದು, ಚಂದ್ರನಷ್ಟು ದುಂಡಗಿನ ತೆಳ್ಳನೆಯ ರೊಟ್ಟಿಯನ್ನು ಜೋಳಿಗೆಗೆ ಹಾಕಿದಳು. ತಾಯಿಯವರು ಅದನ್ನು ಮುಟ್ಟಿ ನೋಡಿ ಮುಖ ಅರಳಿಸಿದರು. "ಛೊಲೊ ಆಗೇತಿ. ನಾಳೆ ಬರ್ತೀನಿ" ಎಂದರು.

ನಾಳೆ ಬರಲು ರಾಯರು ಬಿಡಲಿಲ್ಲ. ಅದೇ ಸಂಜೆ ತಾಯಿಯವರ ಗುಡಿಸಲಿಗೆ ಬಂದು ಬಾಗಿಲಿಂದ ನಾಲ್ಕು ಮಾರು ದೂರ ನಿಂತರು.

"ಅವ್ವಾರ, ನಾಳಿಂದ ಈ ಜೋಳಿಗಿ ಬಂದ್ ಆಗ್ಬೇಕು. ರೋಗ ಇದರ ಜೋಡೀನೇ ತಿರುಗತದ. ಇದು ನನ್ನ ಹುಕುಮ್ ಅಲ್ಲ, ಕಾಯ್ದಾ ಅದ. ಮೀರಿದ್ರ ನಿಮ್ಮನ್ನ ಹಳ್ಳ ದಾಟಿಸಬೇಕಾಗ್ತದ."

ತಾಯಿಯವರು ಸ್ವಲ್ಪ ಹೊತ್ತು ಅವರ ಸುಲಿದ ಕೈಗಳನ್ನೇ ನೋಡಿದರು. ಆಮೇಲೆ, "ನಾ ಹೋಗದಿದ್ರ ಯಾರು ಹೋಗ್ತಾರ್ರೀ?" ಎಂದು ಕೇಳಿದರು.

"ತಳವಾರ ಹನಮಪ್ಪ ಹೋಗ್ತಾನ. ದಿನಾ ಎಲ್ಲಾ ಗುಡಿಸಲಾ ವಿಚಾರಿಸ್ತಾನ."

"ಒಳಗ ಹೋಗ್ತಾನೇನ್ರಿ?"

"ಒಳಗ ಯಾಕ ಹೋಗ್ಬೇಕು? ದಾರಿ ಮ್ಯಾಲ ನಿಂತು ಕೂಗಿ ಕೇಳ್ತಾನ."

ತಾಯಿಯವರು ಜೋಳಿಗೆಯನ್ನು ಎರಡು ಮಡಿಕೆ ಮಾಡಿ ಗೂಟಕ್ಕೆ ಹಾಕಿದರು. ವಾದಕ್ಕೆಂದು ಕಟ್ಟಿಕೊಂಡು ಬಂದ ಮಾತುಗಳೆಲ್ಲ ರಾಯರ ಬಾಯಲ್ಲೇ ಉಳಿದವು. ಗೆದ್ದು ಬಂದರೂ ಗೆದ್ದಂತೆ ಅನ್ನಿಸಲಿಲ್ಲ, ಆದರೂ ಆ ದಿನ ಅವರಿಗೆ ಕಣ್ತುಂಬ ನಿದ್ದೆ ಬಂತು.

ಮೊದಲ ದಿನ ಹನಮಪ್ಪ ದಾರಿಯ ಮೇಲೆ ನಿಂತು "ಎಲ್ಲಾರೂ ಅರಾಮ ಅದೀರೇನ್ರೋ?" ಎಂದು ಕೂಗುತ್ತ ಹೋದ. ಎಲ್ಲ ಗುಡಿಸಲುಗಳಿಂದಲೂ "ಅದೀವಿ" ಎಂಬ ದನಿ ಬಂತು. ಬರದೆ ಏನಾದೀತು? ಜ್ವರ ಎಂದವರನ್ನು ಸರಕಾರದ ಬಂಡಿ ಬಂದು ನಾಲ್ಕು ಮೈಲು ದೂರದ ರೋಗಿಗಳ ಶೆಡ್ಡಿಗೆ ಒಯ್ಯುತ್ತಿತ್ತು, ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ತಳವಾರನಿಗೆ ಜನ ನಿಜ ಹೇಳುವುದಾದರೂ ಹೇಗೆ? ಎರಡನೆಯ ದಿನವೂ "ಅದೀವಿ" ಎಂದರು. ಮೂರನೆಯ ದಿನ ಹಳ್ಳದ ದಂಡೆಯ ಗುಡಿಸಲಿಂದ ದನಿ ಬರಲಿಲ್ಲ. ಫಕೀರವ್ವ ನೀರಿಗೆ ಹೋಗಿರಬೇಕೆಂದುಕೊಂಡು ಹನಮಪ್ಪ ತಿರುಗಿ ಬಂದ.

ಆ ದಿನಗಳಲ್ಲಿ ತಾಯಿಯವರು ಬೆಳಗಾಗುತ್ತಲೇ ಗುಡಿಸಲ ಮುಂದಿನ ದಿಬ್ಬ ಹತ್ತಿ ನಿಲ್ಲುತ್ತಿದ್ದರು. ಯಾವ ಗುಡಿಸಲಿನ ಮೇಲೆ ಹೊಗೆ ಎದ್ದಿದೆ, ಯಾವುದರ ಮೇಲೆ ಇಲ್ಲ ಎಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದರು. ಹೊಗೆ ಕಾಣದ ಎರಡು ಕಡೆಗೆ ಹನಮಪ್ಪನನ್ನೇ ಓಡಿಸಿದರು. ಜಾಲಿಗಿಡಗಳ ಆಚೆಯ ಗುಡಿಸಲು ಮಾತ್ರ ಅಲ್ಲಿಂದ ಕಾಣುತ್ತಿರಲಿಲ್ಲ. ನಾಲ್ಕನೆಯ ದಿನ ಅವರು ರಾಯರ ಡೇರೆಗೆ ಬಂದರು. ಜೋಳಿಗೆ ತಂದಿರಲಿಲ್ಲ.

"ರಾಯರ, ಹಳ್ಳದ ದಂಡಿ ಗುಡಸಲಾ ನನ್ನ ಕಣ್ಣಿಗೆ ಬೀಳವಲ್ದು. ನಿಮ್ಮ ಕಾಯ್ದೆ ನಾ ಮೀರಂಗಿಲ್ಲ, ನೀವ ಕರ್ಕೊಂಡು ನಡೀರಿ."

ರಾಯರು ಗೊಣಗುತ್ತಲೇ ಎದ್ದರು. ದಾರಿಯಲ್ಲಿ ತಾಯಿಯವರ ನಡಿಗೆ ಎಷ್ಟು ಬಿರುಸಾಗಿತ್ತೆಂದರೆ ಅರವತ್ತು ದಾಟಿದ ಆ ಜೀವದ ಹಿಂದೆ ರಾಯರು ಓಡಬೇಕಾಯಿತು. ಗುಡಿಸಲ ಬಾಗಿಲಿಗೆ ತಟ್ಟಿ ಅಡ್ಡವಿತ್ತು.

"ರೊಟ್ಟಿ ಆತೇನವ್ವಾ?"

ಉತ್ತರ ಬರಲಿಲ್ಲ. ತಾಯಿಯವರು ಎರಡನೆಯ ಸಲ ಕೇಳಲಿಲ್ಲ. ತಟ್ಟಿ ಸರಿಸಿ, ಬಗ್ಗಿ ಒಳಗೆ ಹೋದರು.

ಫಕೀರವ್ವ ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಪ್ರಾಣ ಹೋಗಿ ಒಂದು ದಿನವಾದರೂ ಆಗಿತ್ತು. ದುರ್ಗವ್ವ ತನ್ನ ಕೌದಿಯಿಂದ ಒಂದು ಮೊಳದಷ್ಟು ಆಚೆಗೆ ಹೊರಳಿದ್ದಳು. ಅಷ್ಟು ಹೊರಳಲು ಅವಳಿಗೆ ಎಷ್ಟು ಹೊತ್ತು ಹಿಡಿದಿತ್ತೋ ಶಿವನಿಗೇ ಗೊತ್ತು. ಅವಳ ಎಡಗೈ ಸೊಸೆಯ ತಲೆಗೂದಲ ಮೇಲಿತ್ತು. ನೀರಿನ ಕೊಡ ಅವಳಿಗೆ ಕಾಣುವ ಹಾಗೆ ಅಲ್ಲೇ ಇತ್ತು, ಕೈಗೆ ಎಟುಕುವಂತಿರಲಿಲ್ಲ. ಕಣ್ಣು ತೆರೆದಿದ್ದವು. ರೆಪ್ಪೆ ಬಡಿದವು.

ತಾಯಿಯವರು ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಅವಳ ತುಟಿಗೆ ಹಿಂಡಿದರು. ಒಂದು ಹನಿ, ಇನ್ನೊಂದು ಹನಿ. ದುರ್ಗವ್ವನ ಗಂಟಲು ಆಡಿತು. ಅವಳ ಕಣ್ಣಿಂದ ನೀರಿಳಿಯಿತು. ಕುಡಿಯಲು ನೀರಿಲ್ಲದೆ ಬಿದ್ದಿದ್ದ ಆ ದೇಹದಲ್ಲಿ ಅಳುವುದಕ್ಕೆ ನೀರು ಎಲ್ಲಿ ಉಳಿದಿತ್ತೋ ಏನೋ.

ರಾಯರು ಬಾಗಿಲಲ್ಲೇ ನಿಂತಿದ್ದರು. ಆ ಕೊಡದಿಂದ ಅವರ ಕಣ್ಣು ಕೀಳಲಾಗುತ್ತಿರಲಿಲ್ಲ. ಧಾರವಾಡದ ಮನೆಯಲ್ಲಿ ಸುಂದರಾಬಾಯಿ ಜ್ವರದಲ್ಲಿ ಮಲಗಿದ್ದಾಗ ರಾಯರು ನೀರಿನ ತಂಬಿಗೆಯನ್ನು ಕೋಣೆಯ ಹೊಸ್ತಿಲ ಮೇಲೆ ಇಟ್ಟು, ಹೊರಗೆ ನಿಂತು "ಕುಡೀ, ನೀರು ಇಟ್ಟೀನಿ" ಎಂದು ಕೂಗಿದ್ದರು. ಹೆದರಿದ್ದರು. ಒಳಗಿನಿಂದ "ಹ್ಞೂಂ" ಎಂಬ ದನಿ ಬಂದಿತ್ತು. ಅವಳ ಕೈಗೆ ಆ ತಂಬಿಗೆ ಎಟುಕಿತೋ ಇಲ್ಲವೋ ಎಂದು ಎರಡು ವರ್ಷಗಳಲ್ಲಿ ಒಂದು ದಿನವೂ ಅವರು ತಮ್ಮನ್ನು ತಾವು ಕೇಳಿಕೊಂಡಿರಲಿಲ್ಲ. ಗೋಸಾವಿಯನ್ನು ಬೈಯುವುದರಲ್ಲಿ ಆ ಪ್ರಶ್ನೆಯನ್ನು ಮುಚ್ಚಿಟ್ಟಿದ್ದರು.

ತಾಯಿಯವರು ಒಲೆಯ ಪಕ್ಕದ ಬುಟ್ಟಿಯನ್ನು ಎಳೆದುಕೊಂಡರು. ಅದರಲ್ಲಿ ಬಟ್ಟೆ ಹೊದಿಸಿದ ಎರಡು ರೊಟ್ಟಿಗಳಿದ್ದವು. ಜೋಳಿಗೆಗೆಂದು ದಿನಕ್ಕೊಂದರಂತೆ ತೆಗೆದಿಟ್ಟವು. ಜೋಳಿಗೆ ನಿಂತಿತೆಂದು ಹನಮಪ್ಪ ಡಂಗುರ ಸಾರಿದ್ದು ಕೇಳಿಯೂ, ತಾಯಿ ಬಂದೇ ಬರುತ್ತಾರೆಂದು ಫಕೀರವ್ವ ಕಾದಿದ್ದಳು. ಒಂದು ರೊಟ್ಟಿ ಎಂದಿನ ಹಾಗೆ ದುಂಡಗಿತ್ತು, ತೆಳ್ಳಗಿತ್ತು. ಇನ್ನೊಂದು ಸೊಟ್ಟ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದುಹೋಗಿ ಸೀದಿತ್ತು. ಅಂಚಿನ ಮೇಲೆ ಐದೂ ಬೆರಳಿನ ಗುರುತು ಮೂಡಿತ್ತು, ಬಡಿಯುವಾಗ ಅದರ ಮೇಲೆಯೇ ಊರಿಕೊಂಡು ಸುಧಾರಿಸಿಕೊಂಡವಳ ಹಾಗೆ.

ತಾಯಿಯವರು ಆ ಸೊಟ್ಟ ರೊಟ್ಟಿಯ ಅಂಚನ್ನು ಬೆರಳಿನಿಂದ ನಿಧಾನವಾಗಿ ಸವರಿದರು. "ಎರಡನೇ ದಿನದ್ದು" ಎಂದರು. "ಕೈ ನಡುಗ್ಯಾವ ನನ್ನ ಮಗಳಿಗೆ."

ಅಷ್ಟು ದಿನ ಕಣ್ಣೆದುರಿಗೇ ನಡೆದದ್ದು ಆಗ ರಾಯರಿಗೆ ತಿಳಿಯಿತು. ಕಾಳು ಯಾಕೆ ಬೇಡ, ಹಿಟ್ಟು ಯಾಕೆ ಬೇಡ, ಬಿಸಿರೊಟ್ಟಿಯೇ ಯಾಕೆ ಬೇಕು ಎಂಬುದು ತಿಳಿಯಿತು. ಕಾಳನ್ನು ಸಾಯುವವರೂ ಕೊಡಬಲ್ಲರು. ರೊಟ್ಟಿ ಬಡಿಯಲು ಎದ್ದು ಕೂರಬೇಕು, ಒಲೆ ಹಚ್ಚಬೇಕು, ರಟ್ಟೆಯಲ್ಲಿ ಕಸುವಿರಬೇಕು. "ಅರಾಮ ಅದೀವಿ" ಎಂದು ಬಾಯಿ ಸುಳ್ಳು ಹೇಳಬಹುದು, ಕೈ ಬಡಿದ ರೊಟ್ಟಿ ಸುಳ್ಳು ಹೇಳುವುದಿಲ್ಲ. ಮೊನ್ನೆ ಈ ರೊಟ್ಟಿ ಜೋಳಿಗೆಗೆ ಬಿದ್ದಿದ್ದರೆ ತಾಯಿಯವರು ಇದೇ ಬಾಗಿಲಲ್ಲಿ ಕೂತುಬಿಡುತ್ತಿದ್ದರು. ಫಕೀರವ್ವ ಬದುಕುತ್ತಿದ್ದಳೋ ಇಲ್ಲವೋ, ಆ ಬೇನೆಯಲ್ಲಿ ಯಾರೂ ಹೇಳಲಾರರು. ಒಬ್ಬಳೇ ಸಾಯುತ್ತಿರಲಿಲ್ಲ. ಮುದುಕಿ ಸತ್ತವಳ ಪಕ್ಕದಲ್ಲಿ ನೀರು ನೋಡುತ್ತ ಬಿದ್ದಿರುತ್ತಿರಲಿಲ್ಲ.

"ನನ್ನಿಂದ ಆತು" ಎಂದರು ರಾಯರು. "ಅವ್ವಾರ, ನಾನೇ ಕೊಂದೆ. ನೀವು ಅವತ್ತು ಯಾಕ ಹೇಳಲಿಲ್ಲ? ಒಂದು ಮಾತು ಯಾಕ ಹೇಳಲಿಲ್ಲ?"

ತಾಯಿಯವರು ಫಕೀರವ್ವನ ಹಣೆಯ ಮೇಲಿನ ಕೂದಲು ಸರಿಸುತ್ತಿದ್ದರು. ಅವರ ಕಣ್ಣಿಂದಲೂ ನೀರು ಹರಿಯುತ್ತಿತ್ತು. ಸಂತರು ದುಃಖವನ್ನು ಗೆದ್ದವರು ಎಂದು ಓದಿದವರಿಗೆ ಇದು ವಿಚಿತ್ರ ಕಾಣಬಹುದು. ಆ ಮಹಾತಾಯಿ ದುಃಖವನ್ನು ಗೆಲ್ಲಲು ಹೋದವರೇ ಅಲ್ಲ.

"ಹೇಳಬೇಕಿತ್ತು" ಎಂದರು. "ಇದನ್ನ ಬಾಯಿಬಿಟ್ಟು ಹೇಳಿದ್ರ ನಾಳಿಂದ ಜನಾ ರೊಟ್ಟಿನೂ ಮುಚ್ಚಿಡ್ತಾರ ಅಂತ ಸುಮ್ನಾದೆ. ನೀವು ಕೂಗಿ ಕೇಳಿಸಿದ್ರಿ, ನಾ ಹೊಗಿ ನೋಡ್ಕೋತ ಕುಂತೆ. ಇಬ್ರೂ ದೂರನ ನಿಂತ್ವಿ ರಾಯರ. ತಪ್ಪು ಇಬ್ರದೂ ಐತಿ."

ರಾಯರು ಕುಸಿದು ಕೂತರು. ಗಂಡಸು, ಸರಕಾರದ ಮನುಷ್ಯ, ತಳವಾರ ಹೊರಗೆ ಬಂದು ನಿಂತಿದ್ದಾನೆ, ಯಾವುದೂ ನೆನಪಾಗಲಿಲ್ಲ. ಎರಡು ವರ್ಷ ಅಳದೆ ಉಳಿದದ್ದನ್ನೆಲ್ಲ ಅತ್ತರು. ತಂಬಿಗೆಯ ಮಾತನ್ನು ತಡೆತಡೆದು ಹೇಳಿಕೊಂಡರು. ತಾಯಿಯವರು ಸಮಾಧಾನದ ಒಂದು ಮಾತೂ ಆಡದೆ ಕೇಳಿದರು.

"ಅಳಬ್ಯಾಡ್ರಿ ಅನ್ನಂಗಿಲ್ಲ" ಎಂದರು ಕೊನೆಗೆ. "ಅತ್ತು ಮುಗಿಸ್ರಿ. ನಾಳೆ ಹೊತ್ತೇರಿದ ಮ್ಯಾಲ ಬಂದು ಜೋಳಿಗಿ ತಗೊಳ್ರಿ."

ಫಕೀರವ್ವನನ್ನು ಹಳ್ಳದ ದಂಡೆಯಲ್ಲೇ ಮಣ್ಣು ಮಾಡಿದರು. ಕುಣಿ ತೋಡಲು ಹನಮಪ್ಪನ ಜೊತೆ ರಾಯರೂ ಇಳಿದರು. ಸುಲಿದ ಅಂಗೈಯಿಂದ ಗುದ್ದಲಿಯ ಹಿಡಿಗೆ ರಕ್ತ ಹತ್ತಿತು. "ಮೊನ್ನೆ ಅದೀವಿ ಅಂದಿದ್ಲರಿ, ನಾ ನಂಬಿದ್ನಿರಿ" ಎಂದು ಹನಮಪ್ಪ ಮತ್ತೆ ಮತ್ತೆ ಹೇಳುತ್ತಿದ್ದ. ರಾಯರು ಅವನ ಹೆಗಲು ಮುಟ್ಟಿ, ನಿನ್ನದೇನೂ ತಪ್ಪಿಲ್ಲ ಎಂದರು. ಆ ಸೊಟ್ಟ ರೊಟ್ಟಿಯನ್ನು ತಾಯಿಯವರು ಅವಳ ಜೊತೆ ಮಣ್ಣಿಗೆ ಹಾಕಗೊಡಲಿಲ್ಲ. ಒಲೆ ಹಚ್ಚಿ ಕೆಂಡದ ಮೇಲೆ ಮತ್ತೊಮ್ಮೆ ಸುಟ್ಟು, ತಾವೇ ಅಲ್ಲಿ ಕೂತು ಚೂರೂ ಬಿಡದೆ ಉಂಡರು. ತಮ್ಮ ಮಗಳು ಕಡೆಯ ಬಾರಿ ನೀಡಿದ ಭಿಕ್ಷೆ ಎಂದರು.

ಮರುದಿನ ಬೆಳಿಗ್ಗೆ ರಾಯರು ಬಂದಾಗ ಕೈಯಲ್ಲಿ ಕಾರ್ಬಾಲಿಕ್ ಬಕೆಟ್ಟೂ ಇತ್ತು. ನಾಚುತ್ತಲೇ ಕೇಳಿದರು. "ಪ್ರತಿ ಬಾಗಲಕ್ಕೂ ಕೈ ತೊಳೀತೀನಿ. ರೊಟ್ಟಿನ ಕೆಂಡದ ಮ್ಯಾಲ ಇನ್ನೊಮ್ಮೆ ಕಾಸಿ ಆಮ್ಯಾಲ ಇಲ್ಲದವರಿಗೆ ಕೊಡೋಣು. ನಡೀತದೇನು ಅವ್ವಾರ?"

"ಇದನ್ನ ಮೊದಲ ದಿನಾನ ಕಲಿಸಿದ್ರ ನಾನೂ ಕಲೀತಿದ್ನೆಲ್ರಿ" ಎಂದು ತಾಯಿಯವರು ಜೋಳಿಗೆಯನ್ನು ಅವರ ಹೆಗಲಿಗೆ ಹಾಕಿದರು.

ವೈಷ್ಣವರ ಮನೆಯ ಮಗ, ಜನಿವಾರದ ಮೇಲೆ ಕಾವಿಯ ಜೋಳಿಗೆ ಹಾಕಿಕೊಂಡು ಕಂಡವರ ಬಾಗಿಲಲ್ಲಿ ನಿಂತರೆ ಜನ ಬಾಯಿ ತೆರೆದು ನೋಡದೆ ಬಿಟ್ಟಾರೆಯೇ? ಗೌಡರ ಸೊಸೆ ಒಳಗೆ ಓಡಿ ಅತ್ತೆಯನ್ನೇ ಕರೆತಂದಳು. ರಾಯರ "ರೊಟ್ಟಿ ಆತೇನ್ರೀ?" ಎಂಬುದು ಪಿಸುಮಾತಿನಷ್ಟೇ ಹೊರಬಂತು. ತಾಯಿಯವರು ಹಿಂದೆಯೇ ನಡೆದರು. ಐದಾರು ಬಾಗಿಲು ದಾಟುವಷ್ಟರಲ್ಲಿ ದನಿ ಸರಿಯಾಯಿತು. ಬಡಗಿಯ ಹೆಂಡತಿಯ ರೊಟ್ಟಿ ಅಂದು ಒಂದು ಕಡೆ ದಪ್ಪಗಿತ್ತು. ರಾಯರು ಅದನ್ನು ಬೆರಳಿನಿಂದ ಸವರಿ, ಅಲ್ಲೇ ಮಣ್ಣಿನ ಮೇಲೆ ಕೂತರು. ಅವಳು ಅತ್ತು, ಬಗಲಲ್ಲಿ ಗಡ್ಡೆ ಎದ್ದದ್ದನ್ನು ಹೇಳಿದಳು. ಆಕೆಯನ್ನು ಶೆಡ್ಡಿಗೆ ಕಳಿಸಲಿಲ್ಲ. ರಾಯರೇ ಹಗಲೆಲ್ಲ ಅಲ್ಲಿದ್ದು ಔಷಧ ಕೊಟ್ಟರು, ನೀರು ಕುಡಿಸಿದರು. ಆಕೆ ಉಳಿದಳು. ಎಲ್ಲರೂ ಉಳಿಯಲಿಲ್ಲ. ಆ ಹೊಲದಲ್ಲಿ ಇನ್ನೂ ಹನ್ನೊಂದು ಜನ ಹೋದರು. ಆದರೆ ಹೋಗುವಾಗ ಪ್ರತಿಯೊಬ್ಬರ ತಲೆಯ ಹತ್ತಿರ ಒಬ್ಬ ಮನುಷ್ಯ ಕೂತಿದ್ದ.

ಆ ಮೊದಲ ದಿನ ಕೊನೆಗೆ ಉಳಿದದ್ದು ತಾಯಿಯವರ ಗುಡಿಸಲು. ದುರ್ಗವ್ವನನ್ನು ಅಲ್ಲಿಗೇ ತಂದು ಇಟ್ಟುಕೊಂಡಿದ್ದರು. ರಾಯರಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಜೋಳಿಗೆ ಇಳಿಸಿ ಹೊರಟರು.

"ಎಲ್ಲಾ ಬಾಗಲದಾಗೂ ಕೇಳಿದ್ರಿ" ಎಂದರು ತಾಯಿಯವರು. "ಇದೂ ಒಂದು ಬಾಗಲ ಐತಿ."

ರಾಯರು ತಿರುಗಿ ಬಂದು ಜೋಳಿಗೆಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ಹೊರಗೆ ನಿಲ್ಲಲಿಲ್ಲ. ಬಗ್ಗಿ ಒಳಗೆ ಹೋಗಿ ಕೌದಿಯ ಪಕ್ಕ ಮಂಡಿಯೂರಿ ಕೂತು, "ರೊಟ್ಟಿ ಆತೇನವ್ವಾ?" ಎಂದರು.

ದುರ್ಗವ್ವ ಅವರನ್ನು ಬಹಳ ಹೊತ್ತು ನೋಡಿದಳು. ಎದುರಿಗೆ ತಟ್ಟೆಯಲ್ಲಿ ತಾಯಿಯವರು ಅವಳಿಗೆಂದು ಮುರಿದಿಟ್ಟ ರೊಟ್ಟಿಯ ಚೂರುಗಳಿದ್ದವು. ಎಡಗೈ ಎದ್ದಿತು. ನಡುಗುತ್ತ ತಡಕಾಡಿ ಒಂದು ಚೂರನ್ನು ಹಿಡಿಯಿತು. ಅಷ್ಟೆತ್ತರಕ್ಕೆ ಅವಳ ಕೈ ಬರುವುದಿಲ್ಲವೆಂದು ರಾಯರು ಜೋಳಿಗೆಯ ಬಾಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದರು. ಚೂರು ಒಳಗೆ ಬಿತ್ತು. ಕೈ ಹಿಂದಕ್ಕೆ ಹೋಗಲಿಲ್ಲ, ರಾಯರ ಸುಲಿದ ಅಂಗೈಯ ಮೇಲೆ ಹಾಗೇ ಉಳಿಯಿತು. ಕಣ್ಣೀರು ತುಂಬಿ ಅವರಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಆ ಕೈ ಬಿಸಿಯಿದೆಯೋ ಎಂದು ಮುಟ್ಟಿ ನೋಡುವುದನ್ನು ಅವರು ಮರೆಯಲಿಲ್ಲ. ಜ್ವರವಿರಲಿಲ್ಲ.